ಸ್ಲೈಡ್‌ಗಳಿಂದ ಪಾಠ ಯೋಜನೆ: ಯಾವ ಟೂಲ್ ಎಂದು ಕೇಳುವ ಮೊದಲು

ಹತ್ತನೆಯ ತರಗತಿಯ ವಿಜ್ಞಾನಕ್ಕೆ ನಿಮ್ಮ ಬಳಿ ಹಳೆಯ ಸ್ಲೈಡ್‌ಗಳಿವೆ, ಅವನ್ನು ಎಐಗೆ ಕೊಟ್ಟು ಶಾಲೆ ತೆರೆಯುವುದರೊಳಗೆ ಇಡೀ ವರ್ಷದ ಪಾಠ ಯೋಜನೆ ಬರೆಸಿಕೊಳ್ಳಬೇಕು, ಅದಕ್ಕೆ ಯಾವ ಟೂಲ್ ಒಳ್ಳೆಯದು ಎಂದು ಕೇಳಿದ್ದೀರಿ. ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನೂ ಒಂದು ಬೇಸಿಗೆ ರಜೆಯಲ್ಲಿ ಇದನ್ನೇ ಮಾಡಲು ಹೊರಟಿದ್ದೆ. ನಾನು ಬಳಸಿದ ಟೂಲ್ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಬೇರೆ ಯಾವುದಿದ್ದರೂ ಆ ದಿನ ನಡೆದದ್ದು ನಡೆದೇ ತೀರುತ್ತಿತ್ತು ಎಂದು ನನಗೆ ಈಗ ಖಾತ್ರಿಯಾಗಿದೆ.

ವಿದ್ಯುಚ್ಛಕ್ತಿಯ ಪಾಠದಲ್ಲಿ ಓಮ್‌ನ ನಿಯಮಕ್ಕೆ ಬರುವ ಚಟುವಟಿಕೆ ನಿಮಗೆ ಗೊತ್ತೇ ಇರುತ್ತದೆ: ಸುಮಾರು ಅರ್ಧ ಮೀಟರ್ ನಿಕ್ರೋಮ್ ತಂತಿ, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್, ತಲಾ 1.5 ವೋಲ್ಟ್‌ನ ನಾಲ್ಕು ಕೋಶಗಳು. ಒಂದು ಕೋಶದಿಂದ ಆರಂಭಿಸಿ ಒಂದೊಂದಾಗಿ ಸೇರಿಸುತ್ತಾ ವಿಭವಾಂತರ ಮತ್ತು ವಿದ್ಯುತ್ಪ್ರವಾಹದ ಅಳತೆಗಳನ್ನು ಬರೆದುಕೊಂಡು ಭಾಗಿಸಿ ನೋಡಬೇಕು. ನನ್ನ ಸ್ಲೈಡ್‌ನಲ್ಲಿ ಎಡಕ್ಕೆ ಮಂಡಲದ ಚಿತ್ರವೂ ಬಲಕ್ಕೆ ಒಂದು ಖಾಲಿ ಕೋಷ್ಟಕವೂ ಇದ್ದವು. ಕೋಷ್ಟಕದ ಕೆಳಗೆ ‘ಮಾಪಕ ನೋಡಿ ನೀವೇ ತುಂಬಿ, ಪಕ್ಕದ ಗುಂಪನ್ನು ಕೇಳಬೇಡಿ’ ಎಂದು ಬರೆದಿದ್ದೆ.

ಸ್ಲೈಡ್‌ಗಳ ಫೈಲನ್ನು ಅಪ್‌ಲೋಡ್ ಮಾಡಿ, 5ಇ ಎಂಬ ಐದು ಹಂತಗಳ ಮಾದರಿಯಲ್ಲಿ ಪಾಠ ಯೋಜನೆಯನ್ನೂ ಮಕ್ಕಳಿಗೆ ಹಂಚುವ ಅಭ್ಯಾಸ ಹಾಳೆಯನ್ನೂ ಕೊಡು ಎಂದೆ. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದೂ ಹಂತಗಳು, ಕಲಿಕಾ ಫಲಗಳು, ಕಲಿಕೋಪಕರಣಗಳು ಎಲ್ಲವೂ ಅಚ್ಚುಕಟ್ಟಾಗಿ ಬಂದವು. ಅಭ್ಯಾಸ ಹಾಳೆಯಲ್ಲಿ ನನ್ನ ಕೋಷ್ಟಕವೂ ಇತ್ತು, ಆದರೆ ಖಾಲಿಯಾಗಿರಲಿಲ್ಲ. 1.5 ವೋಲ್ಟ್‌ಗೆ 0.5 ಆಂಪಿಯರ್, 3.0ಕ್ಕೆ 1.0, 4.5ಕ್ಕೆ 1.5, 6.0ಕ್ಕೆ 2.0 ಎಂದು ತುಂಬಿ, ಮೇಲೆ ‘ನಿರೀಕ್ಷಿತ ಅಳತೆಗಳು’ ಎಂಬ ತಲೆಬರಹ ಕೊಟ್ಟಿತ್ತು. ಯಾವ ಸಾಲನ್ನು ಭಾಗಿಸಿದರೂ ಸರಿಯಾಗಿ 3 ಓಮ್. ನಾನು ಮೇಲಿಂದ ಕೆಳಗೆ ಕಣ್ಣಾಡಿಸಿ, ಜೆರಾಕ್ಸ್ ಮಾಡಿಸಿ ಇಟ್ಟುಕೊಂಡೆ.

ಆ ಪಾಠದ ದಿನವೇ ವಿಷಯ ಪರಿವೀಕ್ಷಕರು ತರಗತಿ ವೀಕ್ಷಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಮಕ್ಕಳು ಗುಂಪುಗಳಲ್ಲಿ ಕೆಲಸ ಮಾಡುತ್ತಿದ್ದಾಗ ಅವರು ಎದ್ದು ಒಂದು ಮೇಜಿನ ಬಳಿ ಹೋಗಿ, ಈಗ ಅಮ್ಮೀಟರ್ ಎಷ್ಟು ತೋರಿಸುತ್ತಿದೆಯಮ್ಮಾ ಎಂದು ಒಬ್ಬ ಹುಡುಗಿಯನ್ನು ಕೇಳಿದರು. ‘ಒಂದು ಆಂಪಿಯರ್, ಸರ್’ ಎಂದಳು. ಕ್ಲಿಪ್ ತಂತಿಯಿಂದ ಜಾರಿ ಮೇಜಿನ ಮೇಲೆ ಬಿದ್ದಿತ್ತು, ಮುಳ್ಳು ಸೊನ್ನೆಯಲ್ಲಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ನಾನು ಕೊಟ್ಟ ಹಾಳೆಯನ್ನು ಓದುತ್ತಿದ್ದಳು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದರ ಹಿಂದಿನ ಗುಂಪಿನ ಹುಡುಗ. ಒಂದು ಕೋಶ ಜೋಡಿಸಿದಾಗ ಅವನಿಗೆ 1.2 ವೋಲ್ಟ್, 0.4 ಆಂಪಿಯರ್ ಸಿಕ್ಕಿತ್ತು, ‘ತಪ್ಪು ಬಂತು ಸರ್’ ಎನ್ನುತ್ತಾ ಅದನ್ನು ರಬ್ಬರಿನಿಂದ ಅಳಿಸಿ 1.5 ಮತ್ತು 0.5 ಎಂದು ಬರೆಯುತ್ತಿದ್ದ. ಹಳೆಯ ಕೋಶವು ಪ್ರವಾಹ ಹರಿಸುವಾಗ ಅದರ ಆಂತರಿಕ ರೋಧದಿಂದಾಗಿ ಪೂರ್ತಿ 1.5 ವೋಲ್ಟ್ ಕೊಡುವುದೇ ಇಲ್ಲ. ಅವನ ಅಳತೆ ಸರಿಯಾಗಿತ್ತು, 1.2 ಅನ್ನು 0.4ರಿಂದ ಭಾಗಿಸಿದರೂ 3 ಓಮ್ ಬರುತ್ತದೆ. ಓಮ್‌ನ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಆ ಕೋಣೆಯಲ್ಲಿ ಬೇರೆ ಇರಲಿಲ್ಲ, ಅದನ್ನೇ ಅವನು ಅಳಿಸಿಹಾಕಿದ್ದ.

ಈ ಅವಾಂತರದ ಮೂಲವನ್ನು ನಾನು ಸಂಜೆ ಹುಡುಕಿ ತೆಗೆದೆ, ನಿಮಗೆ ಹೆಚ್ಚು ಉಪಯೋಗವಾಗಬಹುದಾದ ಭಾಗ ಇದೇ ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನನ್ನ ಸ್ಲೈಡ್‌ಗಳ ಕನ್ನಡವೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿತ್ತು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಹಳೆಯ ಆಸ್ಕಿ ಮಾದರಿಯ ಫಾಂಟ್‌ಗಳಲ್ಲಿ ಹಾಗಲ್ಲ, ಅಲ್ಲಿ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಕೊಂಬು, ಒತ್ತು, ತಲೆಕಟ್ಟುಗಳ ಆಕಾರಗಳನ್ನು ಕೂರಿಸಲಾಗಿರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ನಮ್ಮ ಕಣ್ಣಿಗೆ ‘ವಿಭವಾಂತರ’ ಎಂದೇ ಕಾಣುತ್ತದೆ, ಆದರೆ ಫೈಲಿನ ಒಳಗಿರುವುದು ಫ್ರೆಂಚ್ ಪದಗಳಲ್ಲಿ ಕಾಣುವಂಥ ತಲೆಗುರುತು ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ. ಫೈಲಿನಿಂದ ಪಠ್ಯವನ್ನು ಹೆಕ್ಕಿ ಓದುವ ಎಐಗೆ ಸಿಗುವುದು ಅದೇ. ಹೀಗಾಗಿ ಇಂಗ್ಲಿಷ್ ಫಾಂಟ್‌ನಲ್ಲಿದ್ದ ‘ವಿ = ಐಆರ್’ ಎಂಬ ಸೂತ್ರ, ಕೆಲವು ಅಂಕಿಗಳು ಮತ್ತು ವಿ, ಐ ಎಂಬ ಶೀರ್ಷಿಕೆಗಳ ಕೆಳಗಿನ ಖಾಲಿ ಚೌಕಗಳು ಮಾತ್ರ ಅದಕ್ಕೆ ಅರ್ಥವಾಗಿದ್ದವು. ‘ನೀವೇ ತುಂಬಿ’ ಎಂಬ ಸಾಲು ಅದರ ಪಾಲಿಗೆ ಇರಲೇ ಇಲ್ಲ. ಖಾಲಿ ಚೌಕ ಕಂಡಿತು, ತುಂಬಿತು.

ಅದು ತುಂಬಿದ್ದನ್ನು ನಾನು ತಪ್ಪೆನ್ನುವುದಿಲ್ಲ. ಓದಲಾಗಲಿಲ್ಲ ಎಂದು ಅದು ತಾನಾಗಿ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಯೋಜನೆಯಲ್ಲಿ ಓಮ್‌ನ ನಿಯಮ, ಆಮೇಲೆ ರೋಧವನ್ನು ನಿರ್ಧರಿಸುವ ಅಂಶಗಳು, ಆಮೇಲೆ ಸರಣಿ ಮತ್ತು ಸಮಾಂತರ ಜೋಡಣೆ ಎಂಬ ನನ್ನದೇ ಕ್ರಮ ಬಂದಿದೆಯಲ್ಲ, ಅಂದಮೇಲೆ ನನ್ನ ಸ್ಲೈಡ್‌ಗಳನ್ನು ಓದಿದೆ ಎಂದುಕೊಂಡೆ. ಆ ಕ್ರಮ ಪಠ್ಯಪುಸ್ತಕದ್ದೇ, ಯಾವ ಪುಸ್ತಕ ತೆಗೆದರೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ನೋಡಬೇಕಾಗಿದ್ದದ್ದು ನನ್ನ ಸ್ಲೈಡ್‌ಗಳಲ್ಲಿ ಮಾತ್ರ ಇದ್ದ ಸಂಗತಿಯನ್ನು. ಬೋರ್‌ವೆಲ್ ಆಳವಾದಷ್ಟೂ ಮೋಟಾರಿಗೆ ಇಳಿಸುವ ಕೇಬಲ್ ಏಕೆ ದಪ್ಪವಿರಬೇಕು ಎಂಬ ಒಂದು ಸ್ಲೈಡ್ ಇತ್ತು, ತಂತಿಯ ಉದ್ದ, ಅಡ್ಡಕೊಯ್ತ ಮತ್ತು ರೋಧದ ಸಂಬಂಧವನ್ನು ನಾನು ಹೇಳಿಕೊಡುವುದು ಅದರ ಮೂಲಕ. ಯೋಜನೆಯಲ್ಲಿ ಬೋರ್‌ವೆಲ್‌ನ ಸುಳಿವೇ ಇರಲಿಲ್ಲ, ಅಷ್ಟು ದೊಡ್ಡ ಗುರುತು ಕಣ್ಣೆದುರು ಇದ್ದರೂ ನಾನು ಗಮನಿಸಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ಪರಿವೀಕ್ಷಕರು ಪ್ರಯೋಗವನ್ನು ಮತ್ತೆ ಮಾಡಿಸುವಂತೆ ಬರೆದು ಹೋದರು, ಮಾಡಿಸಿದೆ. ಆದರೆ ಹಾಳೆ ಸರಿ, ಮಾಪಕ ತಪ್ಪು ಎಂದು ಒಮ್ಮೆ ಕಲಿತ ಮಕ್ಕಳಿಗೆ ಅದನ್ನು ಮರೆಸುವುದು ಮರುಪ್ರಯೋಗದಷ್ಟು ಸುಲಭವಾಗಲಿಲ್ಲ, ಕಾಂತೀಯ ಪರಿಣಾಮಗಳ ಪಾಠಕ್ಕೆ ಬಂದಮೇಲೂ ‘ಸರಿಯಾದ ಉತ್ತರ ಎಷ್ಟು ಬರಬೇಕು ಸರ್’ ಎಂದು ಕೇಳಿಯೇ ದಿಕ್ಸೂಚಿಯನ್ನು ಮುಟ್ಟುತ್ತಿದ್ದರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಅದು ಇರುವಂತೆಯೇ ಒಪ್ಪುವುದಿಲ್ಲ. ನಿಮ್ಮ ಸ್ಲೈಡ್‌ಗಳು ಯೂನಿಕೋಡ್‌ನಲ್ಲೇ ಇರಬಹುದು, ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ತಿಳಿಯುತ್ತದೆ: ಕನ್ನಡವಾಗಿಯೇ ಕಂಡರೆ ಯೂನಿಕೋಡ್, ರೋಮನ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಆಸ್ಕಿ. ಆಸ್ಕಿಯಲ್ಲಿದ್ದರೆ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ತಿದ್ದಿಕೊಳ್ಳಬೇಕಾಗುತ್ತದೆ, ಅಷ್ಟೇ. ಆದರೆ ಎಲ್ಲವನ್ನೂ ಸರಿಯಾಗಿ ಓದಿಸಿದರೂ ಸ್ಲೈಡ್‌ಗಳಲ್ಲಿ ಇಲ್ಲದ್ದು ಯೋಜನೆಗೆ ಎಲ್ಲಿಂದ ಬರಬೇಕು? ಸ್ಲೈಡ್‌ನಲ್ಲಿರುವುದು ಮಕ್ಕಳಿಗೆ ತೋರಿಸುವ ಸಾಮಗ್ರಿ. ಯಾವ ಪ್ರಶ್ನೆ ಕೇಳುತ್ತೀರಿ, ಅದಕ್ಕೆ ಯಾವ ತಪ್ಪು ಉತ್ತರ ಬರುತ್ತದೆ, ಆಗ ಏನು ಮಾಡುತ್ತೀರಿ ಎಂಬುದೆಲ್ಲ ನಿಮ್ಮ ತಲೆಯಲ್ಲಿದೆ. ಬಲ್ಬನ್ನು ದಾಟಿದ ಮೇಲೆ ವಿದ್ಯುತ್ಪ್ರವಾಹ ಕಡಿಮೆಯಾಗುತ್ತದೆ, ಬಲ್ಬು ಅದನ್ನು ‘ಖರ್ಚು’ ಮಾಡುತ್ತದೆ ಎಂದು ಪ್ರತಿ ವರ್ಷವೂ ಮಕ್ಕಳು ಹೇಳುತ್ತಾರೆ. ಇದು ಯಾರ ಸ್ಲೈಡ್‌ನಲ್ಲೂ ಇರುವುದಿಲ್ಲ, ಆದರೆ ಒಂದಿಡೀ ಪೀರಿಯಡ್ಡಿನ ಯೋಜನೆ ಇದರ ಸುತ್ತ ನಿಲ್ಲಬೇಕು. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸೇರಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ ಶಿಕ್ಷಾ ಕೋಪೈಲಟ್ ಎಂಬ ಎಐ ಟೂಲ್ ಕೂಡ ಪಾಠ ಯೋಜನೆಗೆ ಆಧಾರವಾಗಿ ಪಠ್ಯಪುಸ್ತಕ ಮತ್ತು ಪಠ್ಯಕ್ರಮವನ್ನು ಇಟ್ಟುಕೊಂಡಿದೆ, ಅದು ಸರಿಯಾದ ದಿಕ್ಕು ಎಂದೇ ನನ್ನ ಭಾವನೆ.

ಈಗ ನಾನು ಮಾಡುವುದು ಇಷ್ಟು. ಪವರ್‌ಪಾಯಿಂಟ್‌ನಲ್ಲಿ ಪ್ರತಿ ಸ್ಲೈಡ್‌ನ ಕೆಳಗೆ ಟಿಪ್ಪಣಿ ಬರೆಯುವ ಜಾಗವಿದೆಯಲ್ಲ, ಅಲ್ಲಿ ಆ ಸ್ಲೈಡ್ ಮೂಡಿದಾಗ ನಾನು ಕೇಳುವ ಪ್ರಶ್ನೆ, ಬರುವ ತಪ್ಪು ಉತ್ತರ, ಬೇಕಾಗುವ ನಿಮಿಷಗಳನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡುತ್ತೇನೆ. ಬೇಸರದ ಕೆಲಸ, ಒಪ್ಪುತ್ತೇನೆ. ಆಮೇಲೆ ಸ್ಲೈಡ್‌ಗಳ ಜೊತೆ ಪಠ್ಯಪುಸ್ತಕದ ಆ ಅಧ್ಯಾಯವನ್ನೂ ಕೊಟ್ಟು, ಯೋಜನೆ ಕೇಳುವ ಮೊದಲು ಪ್ರತಿ ಸ್ಲೈಡ್‌ನಲ್ಲಿ ಏನಿದೆ ಎಂದು ಸಂಖ್ಯೆ ಸಹಿತ ಬರೆಯಲು ಹೇಳುತ್ತೇನೆ, ಓದಲಾಗದ್ದನ್ನು ಓದಲಾಗಲಿಲ್ಲ ಎಂದೇ ಬರೆಯಬೇಕು, ಖಾಲಿ ಇರುವುದನ್ನು ಖಾಲಿಯೇ ಬಿಡಬೇಕು ಎಂದೂ ಸೇರಿಸುತ್ತೇನೆ. ಆ ಪಟ್ಟಿಯಲ್ಲಿ ನನ್ನ ಬೋರ್‌ವೆಲ್ ಕಾಣಿಸಿದ ಮೇಲೆಯೇ ಮುಂದಿನ ಮಾತು. ಈ ಒಂದು ಕಾರಣಕ್ಕೆ, ಉತ್ತರದ ಪಕ್ಕದಲ್ಲಿ ಅದು ಯಾವ ಆಕರದಿಂದ ಬಂತೆಂದು ತೋರಿಸುವ ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ನನಗೆ ಹಿಡಿಸಿದೆ. ಚಾಟ್‌ಜಿಪಿಟಿಯೋ ಜೆಮಿನಿಯೋ ನಿಮಗೆ ರೂಢಿಯಾಗಿದ್ದರೆ ಅದೂ ಆದೀತು.

ಬಂದ ಯೋಜನೆಯಲ್ಲಿ ನಾನು ಮೊದಲು ಕತ್ತರಿ ಹಾಕುವುದು ಸಮಯಕ್ಕೆ. ಐದೂ ಹಂತಗಳನ್ನು 40 ನಿಮಿಷದ ಒಂದೇ ಪೀರಿಯಡ್ಡಿಗೆ ತುರುಕುವ ಚಾಳಿ ಈ ಟೂಲ್‌ಗಳಿಗಿದೆ. ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಆ 5ಇ ಮಾದರಿಯನ್ನು ಒಂದು ಘಟಕದ ಉದ್ದಕ್ಕೂ ಹರಡಿಕೊಳ್ಳಬಹುದು, ನಮ್ಮ ಪ್ರಯೋಗಾಲಯದಲ್ಲಂತೂ ತಂತಿ ಜೋಡಿಸುವುದಕ್ಕೇ ಅರ್ಧ ಪೀರಿಯಡ್ ಹೋಗುತ್ತದೆ. ಮೌಲ್ಯಮಾಪನದ ಪ್ರಶ್ನೆಗಳನ್ನು ಮಾತ್ರ ಧಾರಾಳವಾಗಿ ಕೇಳಿ ಪಡೆಯಿರಿ, ಒಂದೇ ಪರಿಕಲ್ಪನೆಗೆ ಹತ್ತಾರು ಬಗೆಯ ಪ್ರಶ್ನೆ ಹೆಣೆಯುವುದರಲ್ಲಿ ಎಐ ನನಗಿಂತ ಚುರುಕು. ಲೆಕ್ಕಗಳಿದ್ದರೆ ಒಮ್ಮೆ ಬಿಡಿಸಿ ನೋಡಿಕೊಳ್ಳಿ.

ಇಡೀ ವರ್ಷದ ಯೋಜನೆಯನ್ನು ರಜೆಯಲ್ಲೇ ಮುಗಿಸುವ ಆಸೆಯನ್ನು ದಯವಿಟ್ಟು ಬಿಡಿ. ಮುಖ್ಯ ಶಿಕ್ಷಕರು ಕೇಳುವ ವಾರ್ಷಿಕ ಕ್ರಿಯಾ ಯೋಜನೆ ಬೇರೆ, ಅದನ್ನು ಬೇಕಾದರೆ ಈಗಲೇ ಮುಗಿಸಿ ಕೊಡಿ. ಪಾಠ ಯೋಜನೆಯನ್ನು ಮಾತ್ರ ಮೊದಲ ಘಟಕಕ್ಕಷ್ಟೇ ಮಾಡಿಕೊಳ್ಳಿ, ಎರಡನೆಯದಕ್ಕೆ ಕೈ ಹಾಕುವ ಹೊತ್ತಿಗೆ ಮೊದಲನೆಯ ರೂಪಣಾತ್ಮಕ ಮೌಲ್ಯಮಾಪನದ ಉತ್ತರ ಪತ್ರಿಕೆಗಳು ನಿಮ್ಮ ಮೇಜಿನ ಮೇಲಿರುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬಂದ ತಪ್ಪುಗಳನ್ನು, ಮಕ್ಕಳ ಹೆಸರಿಲ್ಲದಂತೆ, ಒಂದು ಹಾಳೆಯಲ್ಲಿ ಬರೆದು ಸ್ಲೈಡ್‌ಗಳಿಗಿಂತ ಮೊದಲು ಅದನ್ನೇ ಎಐಗೆ ಕೊಡಿ.