ತೆಂಗಿನ ಬುಡದ ಅಣಬೆ ಅಪ್ಪನಿಗೆ ಕೊಡಬಹುದಾ?

ಪ್ರಶ್ನೆ: ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಎರಡು ಕಿಮೋ ಆಗಿದೆ. ನಮ್ಮ ತೋಟದ ತೆಂಗಿನ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಅಣಬೆ ಬಂದಿದೆ. ಇದೇ ರೀಶಿ ಅಣಬೆ, ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು ಸಾಯಿಸುತ್ತದೆ ಅಂತ ಲ್ಯಾಬಿನಲ್ಲೇ ಪ್ರೂವ್ ಆಗಿದೆ ಎನ್ನುತ್ತಾರೆ ನಮ್ಮ ಭಾವ. ಕಷಾಯ ಮಾಡಿ ಕೊಡಲಾ ಮೇಡಂ?
- ತಿಪಟೂರಿನ ಓದುಗರು

ಕೊಡಬೇಡಿ. ಉಳಿದ ಮಾತು ಆಮೇಲೆ.

ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಲ್ಯಾಬುಗಳಲ್ಲಿ ಎ549 ಅನ್ನುವ ಕೋಶಗಳಿರುತ್ತವೆ. 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ಬಂದ ಆ ಕೋಶಗಳನ್ನೇ ಇವತ್ತಿಗೂ ಬೆಳೆಸುತ್ತಿದ್ದಾರೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಅಳಗುಳಿ ಮಣೆಯ ಥರ 96 ಪುಟ್ಟ ಗುಳಿ. ಪ್ರತಿ ಗುಳಿಯಲ್ಲೂ ಕೋಶ, ಮೇಲೆ ತಿಳಿಗುಲಾಬಿ ದ್ರವ, ಅದಕ್ಕೆ ಅಣಬೆಯ ಸಾರ. ಎರಡು ದಿನ ಬಿಟ್ಟು ಹಳದಿ ಬಣ್ಣದ ಒಂದು ರಾಸಾಯನಿಕ ಹಾಕುತ್ತಾರೆ, ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ. ನೇರಳೆ ಕಮ್ಮಿಯಾದರೆ ‘ಕ್ಯಾನ್ಸರ್ ಕೋಶ ಸತ್ತಿತು’ ಅಂತ ಸುದ್ದಿ. ಅದೇ ಗುಳಿಗೆ ಸೋಪಿನ ನೀರು ಹಾಕಿದರೂ ಸಾಯುತ್ತವೆ, ಅಲ್ವಾ? ಕುಡಿದ ಕಷಾಯ ಹೊಟ್ಟೆ, ಕರುಳು, ಲಿವರ್ ದಾಟಿ ಗಡ್ಡೆ ತಲುಪುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಆ ತಟ್ಟೆಗೆ ಗೊತ್ತಿಲ್ಲ. ಅರಿಶಿನದ ಕರ್ಕ್ಯುಮಿನ್ ಕಥೆಯೂ ಇದೇ. ತಟ್ಟೆಯಲ್ಲಿ ಶೂರ, ರಕ್ತಕ್ಕೆ ಸೇರುವುದು ಚೂರು.

ಇನ್ನು ನಿಮ್ಮ ತೋಟದ್ದು. ರೀಶಿಯೂ ಗ್ಯಾನೋಡರ್ಮಾ ಅನ್ನುವ ಅಣಬೆ ಕುಲದ್ದು, ತೆಂಗಿಗೆ ಅಣಬೆ ರೋಗ ತರುವುದೂ ಗ್ಯಾನೋಡರ್ಮಾನೇ. ಆದರೆ ಒಂದೇ ಮನೆತನದವರೆಲ್ಲ ಒಂದೇ ಥರ ಇರುತ್ತಾರಾ? ಆ ಮರದ ಬೇರಿಗೆ ಹೆಕ್ಸಾಕೊನಜೋಲ್ ಅನ್ನುವ ಶಿಲೀಂಧ್ರನಾಶಕ ಕೊಟ್ಟಿದ್ದೀರಾ, ಬುಡಕ್ಕೆ ಬೋರ್ಡೋ ದ್ರಾವಣ ಸುರಿದಿದ್ದೀರಾ, ಅದೂ ಕಷಾಯಕ್ಕೆ ಬರಬಹುದು. ಕಿಮೋ ನಡೆಯುವಾಗ ಲಿವರಿಗೆ ಮೊದಲೇ ಕೆಲಸ ಜಾಸ್ತಿ. ಈಗಾಗಲೇ ಒಂದೆರಡು ಲೋಟ ಕೊಟ್ಟಿದ್ದರೆ ಬೈತಾರೆ ಅಂತ ಹೆದರಿ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಹಾಗೇ ತೋಟಗಾರಿಕೆ ಇಲಾಖೆಯವರಿಗೂ ಆ ಮರ ತೋರಿಸಿ, ಪಕ್ಕದ ಮರಕ್ಕೂ ಹಬ್ಬುವ ರೋಗ ಅದು.

ಪ್ರಶ್ನೆ: ಅಂಗಳದ ನಿತ್ಯಪುಷ್ಪದಿಂದ ಕ್ಯಾನ್ಸರ್ ಔಷಧಿ ಮಾಡುತ್ತಾರಂತೆ. ದಿನಾ ನಾಲ್ಕು ಎಲೆ ಜಗಿದರೆ?
- ಸಾಗರದ ಓದುಗರು

ಮಾಡುತ್ತಾರೆ, ನಿಜ. ಅದರ ಎಲೆಯ ಸತ್ವವನ್ನು ಲ್ಯಾಬಿನಲ್ಲಿ ಮಾರ್ಪಡಿಸಿ ತಯಾರಿಸಿದ ವಿನೊರೆಲ್‌ಬಿನ್‌ಗೆ 1994ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೇ ಒಪ್ಪಿಗೆ ಸಿಕ್ಕಿತು. ಆದರೆ ಅದನ್ನು ಕೊಡುವುದು ಮಿಲಿಗ್ರಾಂ ಲೆಕ್ಕದಲ್ಲಿ, ರೋಗಿಯ ಎತ್ತರ ತೂಕ ನೋಡಿ, ರಕ್ತಪರೀಕ್ಷೆ ಮಾಡಿಸಿ. ಬಿಳಿ ರಕ್ತಕಣಗಳನ್ನೂ ಬೀಳಿಸುವ ಔಷಧಿ ಅದು. ನಿಮ್ಮ ನಾಲ್ಕು ಎಲೆಯಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಅಳೆದವರು ಯಾರು? ಹೂ ದೇವರಿಗೆ ಇಡಿ, ಎಲೆ ಗಿಡದಲ್ಲೇ ಇರಲಿ.

ಪ್ರಶ್ನೆ: ಬೀಡಿ ಬಿಡಲು ಆಗುತ್ತಿಲ್ಲ. ಶ್ವಾಸಕೋಶಕ್ಕೆ ರಕ್ಷಣೆ ಅಂತ ಕ್ಯಾರೆಟ್ ಸತ್ವದ ಮಾತ್ರೆ ತಗೊಳ್ಳಲಾ?
- ಹೆಸರು ಬೇಡ, ಮಂಗಳೂರು

ಬೀಟಾ ಕ್ಯಾರೊಟಿನ್ ತಾನೇ? ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿಕೊಂಡು ಇದನ್ನೇ ಪರೀಕ್ಷಿಸಿದ್ದರು. 1994ರಲ್ಲಿ ಲೆಕ್ಕ ಹಾಕಿದರೆ ಉಲ್ಟಾ ಹೊಡೆದಿತ್ತು. ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ! ಕ್ಯಾರೆಟ್ ಪಲ್ಯ ಧಾರಾಳವಾಗಿ ತಿನ್ನಿ, ಮಾತ್ರೆ ಬೇಡ. ಬೀಡಿ ಬಿಡಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356.