ನವೆಂಬರ್‌ನ ದೆಹಲಿಗೆ ಆಸ್ತಮಾ ಇರುವ ಹಿರಿಯರ ಪ್ರಯಾಣ

ನವೆಂಬರ್ ಎರಡನೇ ವಾರದಲ್ಲಿ ಆಸ್ತಮಾ ಇರುವ ತಂದೆಯವರನ್ನು ಮದುವೆಗೆಂದು ಧಾರವಾಡದಿಂದ ದೆಹಲಿಗೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಅವರ ವೈದ್ಯರು ಒಪ್ಪಿದರೆ ಮಾತ್ರ, ಅದೂ ಎರಡು ದಿನಕ್ಕಷ್ಟೇ ಹೋಗಿಬನ್ನಿ ಎಂಬುದು ನನ್ನ ಸಲಹೆ.

ಆ ಹೊತ್ತಿಗೆ ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆ ಸುಡುವುದು ಸಾಮಾನ್ಯ, ಅದರ ಹೊಗೆ ದೆಹಲಿಗೂ ಹರಡುತ್ತದೆ. ಜೊತೆಗೆ ಗಾಳಿಯ ವೇಗ ಕುಗ್ಗಿ, ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಕೂರುವುದರಿಂದ ವಾಹನಗಳ ಹೊಗೆಯೂ ಧೂಳೂ ಮೇಲೇರಲಾಗದೆ ನಗರದಲ್ಲೇ ಉಳಿಯುತ್ತವೆ. ಈ ಪದರ ರಾತ್ರಿಯಿಂದ ಬೆಳಗಿನವರೆಗೆ ಗಟ್ಟಿಯಾಗಿದ್ದು, ಬಿಸಿಲೇರಿದಂತೆ ಸಡಿಲವಾಗುತ್ತದೆ. ಆದ್ದರಿಂದ ಊರಿನಲ್ಲಿ ರೂಢಿಯಾಗಿರುವ ಮುಂಜಾನೆಯ ವಾಯುವಿಹಾರವನ್ನು ಅಲ್ಲಿ ಖಂಡಿತ ಬಿಡಿಸಿ. ಹೊರಗಿನ ಕೆಲಸವಿದ್ದರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಮದುವೆ ಮನೆಗೆ ಹತ್ತಿರದ ಮಾಪನ ಕೇಂದ್ರದ ವಾಯು ಗುಣಮಟ್ಟ ಸೂಚ್ಯಂಕವನ್ನೇ ನೋಡಿ, ಏಕೆಂದರೆ ಒಂದೇ ದಿನ ಬಡಾವಣೆಯಿಂದ ಬಡಾವಣೆಗೆ ವ್ಯತ್ಯಾಸ ದೊಡ್ಡದಿರುತ್ತದೆ. 300 ದಾಟಿದರೆ ‘ಅತಿ ಕಳಪೆ’, 400 ದಾಟಿದರೆ ‘ತೀವ್ರ’. ತೀವ್ರ ಹಂತದಲ್ಲಿ ತಂದೆಯವರು ಕಿಟಕಿ ಮುಚ್ಚಿದ ಕೋಣೆಯಲ್ಲಿರುವುದೇ ಕ್ಷೇಮ, ಮದುವೆಯ ಮೆರವಣಿಗೆಯಲ್ಲಿ ಪಟಾಕಿಯ ಹೊಗೆಯ ನಡುವೆ ನಿಲ್ಲುವುದಂತೂ ಬೇಡವೇ ಬೇಡ. ಬಟ್ಟೆಯ ಮಾಸ್ಕ್ ಸೂಕ್ಷ್ಮ ಕಣಗಳನ್ನು ಸರಿಯಾಗಿ ತಡೆಯುವುದಿಲ್ಲ. ಎನ್-95 ಕೊಳ್ಳಿ, ಮೂಗಿನ ಮೇಲಿನ ತಂತಿಯನ್ನು ಒತ್ತಿ ಅಂಚಿನಲ್ಲಿ ಗಾಳಿ ನುಸುಳದಂತೆ ಹಾಕಿಸಿ.

ವಿಮಾನದಲ್ಲಿ ಹೋಗುವುದಾದರೆ ಇನ್‌ಹೇಲರ್ ಕೈಚೀಲದಲ್ಲೇ ಇರಲಿ. ಅದನ್ನು ಬಳಸಿದ ಮೇಲೂ ಉಬ್ಬಸ ಇಳಿಯದಿದ್ದರೆ ಅಥವಾ ಮಾತನಾಡಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಬಹುದು.