ಯಂತ್ರ ಸರಿಯಿದ್ದರೂ ಗಾಳಿಯಲ್ಲಿ ಹೆಲಿಕಾಪ್ಟರ್ ಗಿರಕಿ ಹೊಡೆದು ಬೀಳುವುದೇಕೆ?

ಇಳಿಯಲೆಂದು ವೇಗ ತಗ್ಗಿಸಿದ್ದ ಹೆಲಿಕಾಪ್ಟರೊಂದು ಗಾಳಿಯಲ್ಲಿ ಗರಗರನೆ ತಿರುಗಿ ನೆಲಕ್ಕೆ ಬಿತ್ತು, ತನಿಖೆಯಲ್ಲಿ ಯಂತ್ರದೋಷವೇನೂ ಕಾಣಲಿಲ್ಲ, ಹಾಗಾದರೆ ಅಲ್ಲಿ ಬಿರುಗಾಳಿ ಇತ್ತೇ ಎಂದು ತಾವು ಕೇಳಿದ್ದೀರಿ. ಬಿರುಗಾಳಿಯೇ ಬೇಕೆಂದಿಲ್ಲ. ಹಲವು ವರ್ಷ ಹೆಲಿಕಾಪ್ಟರ್ ಹಾರಿಸಿದ ಅನುಭವದಿಂದ ಹೇಳುವುದಾದರೆ, ಇಂಥ ಅಪಘಾತದಲ್ಲಿ ಗಾಳಿ ಎಷ್ಟು ಬಲವಾಗಿತ್ತು ಎನ್ನುವುದಕ್ಕಿಂತ ಅದು ಯಾವ ಕಡೆಯಿಂದ ಬೀಸುತ್ತಿತ್ತು ಎನ್ನುವುದೇ ಮುಖ್ಯ.

ಮೇಲಿನ ದೊಡ್ಡ ರೋಟರ್ ಒಂದು ದಿಕ್ಕಿಗೆ ಸುತ್ತಿದರೆ ಹೆಲಿಕಾಪ್ಟರಿನ ಒಡಲು ಅದರ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅದನ್ನು ತಡೆದು ಹಿಡಿಯುವುದು ಬಾಲದ ತುದಿಯ ಚಿಕ್ಕ ರೋಟರ್. ಅದರ ಬಲವನ್ನು ಪೈಲಟ್ ಕಾಲಿನ ಪೆಡಲುಗಳಿಂದ ಹೆಚ್ಚು ಕಡಿಮೆ ಮಾಡುತ್ತಾನೆ. ಅಮೆರಿಕದ ಹೆಚ್ಚಿನ ವಿನ್ಯಾಸಗಳಲ್ಲಿರುವಂತೆ, ಮೇಲಿನಿಂದ ನೋಡಿದಾಗ ಮುಖ್ಯ ರೋಟರ್ ಅಪ್ರದಕ್ಷಿಣವಾಗಿ ಸುತ್ತುವ ಹೆಲಿಕಾಪ್ಟರನ್ನು ತೆಗೆದುಕೊಳ್ಳಿ. ಎಡಮುಂದಿನಿಂದ ಗಾಳಿ ಬಂದರೆ ಮುಖ್ಯ ರೋಟರ್ ಎಬ್ಬಿಸಿದ ಸುಳಿಗಳು ಬಾಲದ ರೋಟರಿಗೆ ಹೋಗಿ ಬಡಿಯುತ್ತವೆ. ನೇರ ಎಡದಿಂದ ಬಂದರೆ ಬಾಲದ ರೋಟರ್ ತಾನು ಹೊರತಳ್ಳಿದ ಗಾಳಿಯನ್ನೇ ಮತ್ತೆ ಸೆಳೆದುಕೊಂಡು ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನಿಂದ ಬೀಸಿದರಂತೂ, ಮೂತಿಯನ್ನು ಗಾಳಿಗೆ ಎದುರಾಗಿಸಿಕೊಳ್ಳಲು ಇಡೀ ಒಡಲೇ ಹೊರಳತೊಡಗುತ್ತದೆ. ಇವೆಲ್ಲ ಕಾಡುವುದು ವೇಗ ಸುಮಾರು 30 ನಾಟ್‌ಗಿಂತ, ಅಂದರೆ ಗಂಟೆಗೆ 55 ಕಿಲೋಮೀಟರಿಗಿಂತ, ಕೆಳಗಿಳಿದಾಗ. ಅಮೆರಿಕದ ವಿಮಾನಯಾನ ಆಡಳಿತವು 1995ರಲ್ಲಿ ಇದಕ್ಕಾಗಿಯೇ ಒಂದು ಸಲಹಾ ಸುತ್ತೋಲೆಯನ್ನು ಹೊರಡಿಸಿತು.

ಒಮ್ಮೆ ಹಿಂದಿನಿಂದ ಗಾಳಿ ಬೀಸುತ್ತಿದ್ದಾಗ ನಾನು ನಿಧಾನವಾಗಿ ಬಲಕ್ಕೆ ತಿರುಗುತ್ತಿದ್ದೆ. ತಿರುವು ಇದ್ದಕ್ಕಿದ್ದಂತೆ ಬಿರುಸಾಯಿತು. ಎಡ ಪೆಡಲನ್ನು ಮೊಣಕಾಲು ನೆಟ್ಟಗಾಗುವಷ್ಟು ಒತ್ತಿ ಹಿಡಿದಿದ್ದರೂ ಗಾಜಿನಾಚೆಯ ಮರಗಳ ಸಾಲು ಎಡಕ್ಕೆ ಸರಿಯುತ್ತಲೇ ಇತ್ತು. ಆ ಗಳಿಗೆಯಲ್ಲಿ ಪೆಡಲ್ ಕೆಟ್ಟಿದೆ ಎಂದೇ ಮನಸ್ಸಿಗೆ ತೋರುತ್ತದೆ, ಕಾಲು ಸಡಿಲವಾಗುತ್ತದೆ. ನೆಲ ಹತ್ತಿರವಿದ್ದರೆ ಕೈ ತಾನಾಗಿಯೇ, ಹೆಲಿಕಾಪ್ಟರನ್ನು ಮೇಲೇರಿಸುವ ಇಳಿಸುವ ಕಲೆಕ್ಟಿವ್ ಹಿಡಿಯನ್ನು ಮೇಲೆತ್ತುತ್ತದೆ. ಎರಡೂ ಮಾರಕ, ಏಕೆಂದರೆ ಕಲೆಕ್ಟಿವ್ ಎತ್ತಿದಷ್ಟೂ ಒಡಲನ್ನು ತಿರುಗಿಸುವ ಬಲ ಹೆಚ್ಚುತ್ತದೆ. ಎಡ ಪೆಡಲನ್ನು ಪೂರ್ತಿ ಒತ್ತಿಯೇ ಇರಿಸಿ, ಹಿಂದೆ ಮುಂದೆ, ಅಕ್ಕಪಕ್ಕ ಸಾಗಿಸುವ ಸೈಕ್ಲಿಕ್ ಕೋಲನ್ನು ಮುಂದೊತ್ತಿ ವೇಗ ಪಡೆದು, ಎತ್ತರವಿದ್ದರೆ ಕಲೆಕ್ಟಿವ್ ಇಳಿಸಬೇಕು. ನನಗೆ ಎತ್ತರವಿತ್ತು, ಆದ್ದರಿಂದ ಉಳಿದೆ. ತಾವು ಹೇಳಿದ ಪೈಲಟ್‌ಗೆ ಬಹುಶಃ ಅದು ಇರಲಿಲ್ಲ.

ಗಿರಕಿ ಹೊಡೆದದ್ದನ್ನು ಕಂಡ ಮಾತ್ರಕ್ಕೆ ಗಾಳಿಯನ್ನು ದೂರುವಂತಿಲ್ಲ ಎಂಬುದೂ ನಿಜ. 2018ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಲೆಸ್ಟರ್ ಫುಟ್‌ಬಾಲ್ ಕ್ರೀಡಾಂಗಣದ ಬಳಿ ಐವರನ್ನು ಬಲಿ ತೆಗೆದುಕೊಂಡ ಹೆಲಿಕಾಪ್ಟರ್ ಕೂಡ ಹೀಗೆಯೇ ಸುತ್ತುತ್ತ ಬಿದ್ದಿತ್ತು. ಅಲ್ಲಿ ಕೆಟ್ಟದ್ದು ಬಾಲದ ರೋಟರಿನ ನಿಯಂತ್ರಣ ವ್ಯವಸ್ಥೆಯ ಬೇರಿಂಗ್. ಆದ್ದರಿಂದ ತಾವು ಓದಿದ ವರದಿಯಲ್ಲಿ ಗಾಳಿಯ ವೇಗವನ್ನಷ್ಟೇ ನೋಡಬೇಡಿ. ಆ ಕ್ಷಣದಲ್ಲಿ ಮೂತಿ ಯಾವ ಕಡೆಗಿತ್ತು, ಗಾಳಿ ಅದರ ಯಾವ ಮಗ್ಗುಲಿಗೆ ಬೀಸುತ್ತಿತ್ತು, ಹೊತ್ತ ಭಾರ ಎಷ್ಟಿತ್ತು, ತಿರುವು ಎಡಕ್ಕೋ ಬಲಕ್ಕೋ ಎಂಬುದನ್ನು ಹುಡುಕಿ ನೋಡಿ.